ಬುತ್ತಿ ಊಟಕ್ಕೆ ಏನು ಒಯ್ಯಬೇಕು: ಕೂತಷ್ಟೂ ರುಚಿಯಾಗುವ ಅಡುಗೆಗಳು

ನಮ್ಮ ಹೈಸ್ಕೂಲಿನಲ್ಲಿ ತಿಂಗಳ ಕೊನೆಯ ಶನಿವಾರ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರುತ್ತೇವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದಕ್ಕೆ ಪಾಟ್‌ಲಕ್ ಅನ್ನುತ್ತಾರೆ. ನಾವು ಹಳಬರು ಬುತ್ತಿ ಊಟ ಅನ್ನುತ್ತೇವೆ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಎರಚಲು, ಹೊಲಕ್ಕೆ ಹೋದಾಗ ನಾಲ್ಕು ಮನೆಯ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುವುದಿಲ್ವಾ, ಹಾಗೇ ಇದು.

ನಾನಿರುವುದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ. ಶಾಲೆ ಇರುವುದು ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ. ಶನಿವಾರ ಬೆಳಗಿನ ಶಾಲೆ. ಅಂದರೆ ಬೆಳಗ್ಗೆ 5ಕ್ಕೆ ಮಾಡಿದ ಅಡುಗೆ ತಟ್ಟೆಗೆ ಬೀಳುವುದು ಮಧ್ಯಾಹ್ನ 12ಕ್ಕೆ. ನಡುವೆ 7 ಗಂಟೆ ಅದು ಡಬ್ಬಿಯೊಳಗೆ ಕೂತಿರುತ್ತದೆ. ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ.

ಮೊದಲ ಸಲ ನಾನು ಮಿರ್ಚಿ ಬಜ್ಜಿ ಮಾಡಿಕೊಂಡು ಹೋಗಿದ್ದೆ. ಬಿಸಿಬಿಸಿ 40 ಮಿರ್ಚಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ. ಊಟದ ಹೊತ್ತಿಗೆ ಮುಚ್ಚಳ ತೆಗೆದರೆ ಒಳಗಡೆಯೆಲ್ಲ ನೀರಿನ ಹನಿ. ಮಿರ್ಚಿ ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದವು. ಯಾರೂ ಏನೂ ಅನ್ನಲಿಲ್ಲ, ಆದರೆ ಮುಕ್ಕಾಲು ಡಬ್ಬಿ ಹಾಗೇ ಉಳಿಯಿತು. ಬಿಸಿಯೂಟದ ಅಡುಗೆ ಮಾಡುವ ಹಿರಿಯಮ್ಮ ನನ್ನ ಮುಖ ನೋಡಿ ಹತ್ತಿರ ಬಂದರು. "ಅಕ್ಕೋರ, ಕರದಿದ್ದನ್ನ ಡಬ್ಬ್ಯಾಗ ಹಾಕಿ ಬಾಯಿ ಮುಚ್ಚಿದ್ರ ಬೆವರತೈತ್ರಿ. ಹೊಲಕ್ಕ ಏನ್ ಒಯ್ತೀರಿ ಅದನ್ನ ತರ್ರಿ" ಅಂದರು.

ಆ ಮಾತು ನನಗೆ ದಾರಿ ತೋರಿಸಿತು. ಒಲೆಯಿಂದ ಇಳಿಸಿದಾಗ ಎಷ್ಟು ರುಚಿ ಅಂತ ನೋಡಬಾರದು. 7 ಗಂಟೆ ಕೂತ ಮೇಲೆ ಹೇಗಿರುತ್ತದೆ ಅಂತ ನೋಡಿ ಆರಿಸಬೇಕು. ಪೂರಿ, ಬಜ್ಜಿ, ದೋಸೆ ಬೇಡ. ಹಸಿ ಕೊಬ್ಬರಿ ಹಾಕಿದ ಚಟ್ನಿ ಬೇಸಿಗೆಯಲ್ಲಿ ಬೇಡವೇ ಬೇಡ. ಸಾರು, ಸಾಂಬಾರು ಬಸ್ಸಿನಲ್ಲಿ ಚೆಲ್ಲುತ್ತವೆ. ಹೊಲಕ್ಕೆ ಒಯ್ಯುವಂಥದ್ದು ಯಾವುದೋ ಅದು ಪಾಟ್‌ಲಕ್‌ಗೂ ಸರಿ.

ಅದರಲ್ಲಿ ನನ್ನ ಮೊದಲ ಆಯ್ಕೆ ಎಣ್ಣೆಗಾಯಿ. ಇದು ಮಾಡಿದ ದಿನಕ್ಕಿಂತ ಮರುದಿನವೇ ಚೆನ್ನಾಗಿರುತ್ತದೆ, ಅದಕ್ಕೆ ಹಿಂದಿನ ರಾತ್ರಿಯೇ ಮಾಡಿಡಿ. 20 ಜನಕ್ಕೆ, ಬೇರೆ ಅಡುಗೆಗಳೂ ಇರುವಾಗ, 1 ಕೆಜಿ ಬದನೆಕಾಯಿ ಸಾಕು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ, ಎಳೆಯ ಕಾಯಿ ಆರಿಸಿದರೆ ಸುಮಾರು 25 ಬರುತ್ತವೆ. ಒಬ್ಬರಿಗೆ ಒಂದು. ತೊಟ್ಟು ತೆಗೆಯಬೇಡಿ. ತೊಟ್ಟಿದ್ದರೆ ಕಾಯಿ ಒಡೆಯುವುದಿಲ್ಲ, ಬಡಿಸುವಾಗ ಹಿಡಿಯಲೂ ಸುಲಭ. ಕೆಳಗಿನಿಂದ ನಾಲ್ಕು ಸೀಳು ಹಾಕಿ ಉಪ್ಪು ನೀರಿನಲ್ಲಿ ಬಿಡಿ, ಕಪ್ಪಾಗುವುದಿಲ್ಲ.

ಮಸಾಲೆಗೆ 200 ಗ್ರಾಂ ಶೇಂಗಾ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. 50 ಗ್ರಾಂ ಗುರೆಳ್ಳನ್ನು ಚಟಪಟ ಅನ್ನುವವರೆಗೆ ಬೇರೆಯಾಗಿ ಹುರಿಯಿರಿ. ಎರಡು ಚಮಚ ಎಳ್ಳು, ಅರ್ಧ ಬಟ್ಟಲು ಒಣ ಕೊಬ್ಬರಿ, ಒಂದು ಗಡ್ಡೆ ಬೆಳ್ಳುಳ್ಳಿ, ನಿಂಬೆ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ನಿಮ್ಮ ಮನೆಯ ಮಸಾಲೆ ಖಾರ ಮೂರು ಚಮಚ, ಉಪ್ಪು. ನಾಲ್ಕು ಉಳ್ಳಾಗಡ್ಡಿ ಹೆಚ್ಚಿ, ಕೆಂಪಗಾಗುವವರೆಗೆ ಎಣ್ಣೆಯಲ್ಲಿ ಹುರಿಯಬೇಕು. ಇಲ್ಲಿ ಅವಸರ ಮಾಡಬೇಡಿ. ಹಸಿ ಹಸಿಯಾಗಿ ಉಳಿದ ಉಳ್ಳಾಗಡ್ಡಿಯೇ ಮರುದಿನ ಪಲ್ಯಕ್ಕೆ ಕೆಟ್ಟ ವಾಸನೆ ತರುವುದು. ಎಲ್ಲವನ್ನೂ ತರಿತರಿಯಾಗಿ ಅರೆಯಿರಿ, ನುಣ್ಣಗೆ ಬೇಡ.

ಕಾಯಿಯಲ್ಲಿ ಮಸಾಲೆ ತುಂಬಿ, ದಪ್ಪ ತಳದ ಪಾತ್ರೆಯಲ್ಲಿ ಒಂದು ಲೋಟ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು ಹಾಕಿ, ಕಾಯಿಗಳನ್ನು ಒಂದೊಂದೇ ಇಡಿ. ಉಳಿದ ಮಸಾಲೆಗೆ ನೀರು ಬೆರೆಸಿ ಮೇಲೆ ಸುರಿಯಿರಿ. ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೆ ಸ್ವಲ್ಪ ನೀರು ನಿಲ್ಲಿಸಿ. ನಮ್ಮ ಅವ್ವ ಹೀಗೇ ಮಾಡುತ್ತಿದ್ದಳು, ತಳ ಹತ್ತುವುದಿಲ್ಲ. ಸಣ್ಣ ಉರಿಯಲ್ಲಿ 25 ನಿಮಿಷ. ಆಮೇಲೆ ಸೌಟಿನ ತುದಿಯಿಂದ ತೊಟ್ಟಿನ ಬುಡ ಒತ್ತಿ ನೋಡಿ. ಅಲ್ಲಿಯೇ ಕೊನೆಗೆ ಬೇಯುವುದು. ಸೌಟು ಸುಮ್ನೆ ಒಳಗಿಳಿದರೆ, ಸುತ್ತ ಎಣ್ಣೆ ತೇಲಿದ್ದರೆ, ಆಯಿತು.

ಒಂದು ಮಾತು ನೆನಪಿಡಿ. ಶೇಂಗಾ ರಾತ್ರಿಯೆಲ್ಲ ನೀರು ಕುಡಿಯುತ್ತದೆ. ರಾತ್ರಿ ಸರಿಯಾಗಿದ್ದ ರಸ ಬೆಳಗ್ಗೆ ಮುದ್ದೆಯಾಗಿರುತ್ತದೆ. ಅದಕ್ಕೆ ಇಳಿಸುವಾಗ ಸ್ವಲ್ಪ ತೆಳ್ಳಗೇ ಇರಲಿ. ಬೇಸಿಗೆಯಾದರೆ ಆರಿಸಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಅರ್ಧ ಲೋಟ ಬಿಸಿನೀರು ಹಾಕಿ ಚೆನ್ನಾಗಿ ಒಂದು ಕುದಿ ಬರಿಸಿ ಡಬ್ಬಿಗೆ ತುಂಬಿ.

ಇದರ ಜೊತೆ ಖಡಕ್ ರೊಟ್ಟಿ. ಜೋಳದ್ದಾಗಲಿ, ಎಳ್ಳು ಹಚ್ಚಿದ ಸಜ್ಜೆಯದಾಗಲಿ. ಬಡಿಯಲು ಬಾರದಿದ್ದರೆ ಚಿಂತೆ ಬೇಡ. ನಮ್ಮ ಊರುಗಳಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬಹಳ ಇದ್ದಾರೆ. ಎರಡು ದಿನ ಮೊದಲೇ ಹೇಳಿಟ್ಟರೆ ಸಾಕು. ರೂಮು ಮಾಡಿಕೊಂಡಿರುವ ನಮ್ಮ ಪಿ.ಟಿ. ಮೇಷ್ಟ್ರು ಪ್ರತಿ ಸಲ 30 ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ (ಚಟ್ನಿ ಪುಡಿ), ಗಟ್ಟಿ ಮೊಸರು ಕೊಂಡು ತರುತ್ತಾರೆ. ಮೊದಮೊದಲು ಅವರಿಗೆ ಸಂಕೋಚವಿತ್ತು. ಯಾಕೆ ಸಂಕೋಚ? ಎಲ್ಲರಿಗಿಂತ ಮೊದಲು ಖಾಲಿಯಾಗುವುದು ಅದೇ. ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ.

ರೊಟ್ಟಿ ಹೀಗೆ ಎಷ್ಟು ದೂರ ಬೇಕಾದರೂ ಹೋಗುತ್ತದೆ ಅನ್ನುವುದಕ್ಕೆ ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯೇ ಸಾಕ್ಷಿ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ರೊಟ್ಟಿ ಬರುತ್ತವೆ. ಮನೆಗೆ ಹತ್ತು, ಇಪ್ಪತ್ತು ಅಂತ ಬಡಿದು ಕೊಟ್ಟದ್ದು ಲಕ್ಷಗಟ್ಟಲೆ ಆಗುತ್ತದೆ. ಇಷ್ಟು ದೊಡ್ಡ ಬುತ್ತಿ ಊಟ ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ ಯಾರ ರೊಟ್ಟಿ ಯಾರ ತಟ್ಟೆಗೆ ಬಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದು ನನಗೆ ತುಂಬಾ ಇಷ್ಟ.

ಬೇಸಿಗೆಗೆ ಮೊಸರು ಬುತ್ತಿ. ಗಂಗಾವತಿ ಕಡೆಯ ಸೋನಾ ಮಸೂರಿ ಅರ್ಧ ಕೆಜಿ ತೊಗೊಂಡು, ಮಾಮೂಲಿಗಿಂತ ಒಂದು ಲೋಟ ನೀರು ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿ. ಬಿಸಿ ಇರುವಾಗಲೇ ಸೌಟಿನಿಂದ ಹಿಸುಕಿ. ಆರಿದ ಮೇಲೆ ಹಿಸುಕಲು ಹೋದರೆ ಗಂಟು ಬಿಡುವುದಿಲ್ಲ. ಕಾಯಿಸಿ ಆರಿಸಿದ ಹಾಲು ಒಂದು ಲೀಟರ್ ಬೆರೆಸಿ. ಅನ್ನ ಪೂರ್ತಿ ತಣ್ಣಗಾದ ಮೇಲೆ ಮೊಸರು ಎರಡೇ ಚಮಚ. ಹೌದು, ಎರಡೇ. ಮಧ್ಯಾಹ್ನದ ಹೊತ್ತಿಗೆ ಅದು ಡಬ್ಬಿಯಲ್ಲೇ ಹೆಪ್ಪಾಗಿ ಹದವಾದ ಮೊಸರನ್ನವಾಗಿರುತ್ತದೆ. ಬೆಳಗ್ಗೆಯೇ ಮೊಸರು ಸುರಿದರೆ 12ಕ್ಕೆ ಹುಳಿಗೆ ಹಲ್ಲು ಜುಮ್ಮೆನ್ನುತ್ತದೆ. ನೋಡಲು ನೀರು ನೀರಾಗಿದೆ ಅನಿಸಿದರೂ ಹೆದರಬೇಡಿ, ಅನ್ನ ಹೀರಿಕೊಳ್ಳುತ್ತದೆ. ಡಬ್ಬಿಯಲ್ಲಿ ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಒಗ್ಗರಣೆಗೆ ಸಾಸಿವೆ, ಇಂಗು, ಮಜ್ಜಿಗೆ ಮೆಣಸಿನಕಾಯಿ. ಉಳ್ಳಾಗಡ್ಡಿ ಹಾಕಬೇಡಿ. ನಮ್ಮಲ್ಲಿ ಒಬ್ಬ ಜೈನ ಶಿಕ್ಷಕಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಡ್ಡೆ ಯಾವುದನ್ನೂ ತಿನ್ನುವುದಿಲ್ಲ, ಮೊಸರನ್ನೂ ಕೇಳಿಯೇ ಬಡಿಸಬೇಕು. ಎಲ್ಲರೂ ತಿನ್ನಬಹುದಾದ್ದು ಒಂದೆರಡಾದರೂ ಇರುವಂತೆ ಮೊದಲೇ ಮಾತಾಡಿಕೊಳ್ಳಿ.

ಒಗ್ಗರಣಿ ಮಂಡಕ್ಕಿ ಇಲ್ಲದೆ ನಮ್ಮ ಕಡೆ ಊಟ ಕಳೆಗಟ್ಟುವುದಿಲ್ಲ, ಅಲ್ವಾ? ಆದರೆ ಕಲಸಿಟ್ಟ ಒಗ್ಗರಣಿ ಕೂತರೆ ಮುದ್ದೆ. ಅದಕ್ಕೆ ನಾನು ಬಿಡಿಬಿಡಿಯಾಗಿ ಒಯ್ಯುತ್ತೇನೆ. ಮಂಡಕ್ಕಿ ಚೀಲದಲ್ಲಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಶೇಂಗಾ, ಅರೆದ ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿನ, ಉಪ್ಪು ಹಾಕಿ ಚೆನ್ನಾಗಿ ಹುರಿದ ಒಗ್ಗರಣೆ ಸಣ್ಣ ಡಬ್ಬಿಯಲ್ಲಿ. ಪುಠಾಣಿ (ಹುರಿಗಡಲೆ) ಹಿಟ್ಟು ಪೊಟ್ಟಣದಲ್ಲಿ. ಊಟಕ್ಕೆ ಐದು ನಿಮಿಷ ಮೊದಲು ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆದು, ಕಲಸಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಒಲೆ ಬೇಕಿಲ್ಲ. ಸೌತೆಕಾಯಿ, ಮೆಂತ್ಯ ಸೊಪ್ಪಿನ ಪಚಡಿಗೂ ಇದೇ ಕ್ರಮ. ಉಪ್ಪು ಅಲ್ಲಿಯೇ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಸಿಹಿಗೆ ಶೇಂಗಾ ಉಂಡೆ ಎಲ್ಲಕ್ಕಿಂತ ಸುಲಭ. ಅರ್ಧ ಕೆಜಿ ಹುರಿದ ಶೇಂಗಾ, 300 ಗ್ರಾಂ ಪುಡಿ ಬೆಲ್ಲ, ಏಲಕ್ಕಿ. ಮಿಕ್ಸಿಯಲ್ಲಿ ತಿರುವಿದರೆ ಶೇಂಗಾ ತಾನೇ ಎಣ್ಣೆ ಬಿಡುತ್ತದೆ, ಪಾಕ ಬೇಕಿಲ್ಲ. 30 ಉಂಡೆ ಆಗುತ್ತವೆ. ಸ್ವಲ್ಪ ಬಿಡುವಿದ್ದರೆ ಮಾದಲಿ ಮಾಡಿ. ಗೋಧಿ ಹಿಟ್ಟಿನ ದಪ್ಪ ಚಪಾತಿ ಎಣ್ಣೆ ಇಲ್ಲದೆ ಗರಿಯಾಗಿ ಬೇಯಿಸಿ, ಮುರಿದು, ತರಿಯಾಗಿ ಪುಡಿ ಮಾಡಿ, ಬೆಲ್ಲ, ಒಣ ಕೊಬ್ಬರಿ, ಗಸಗಸೆ ಬೆರೆಸಿದರೆ ಆಯಿತು. ಎರಡು ದಿನ ಮೊದಲೇ ಮಾಡಿಟ್ಟುಕೊಳ್ಳಬಹುದು. ಬಡಿಸುವಾಗ ಬಿಸಿ ಹಾಲು, ತುಪ್ಪ.

ಎಷ್ಟು ಮಾಡಬೇಕು ಅನ್ನುವುದರಲ್ಲಿ ಬಹಳ ಜನ ತಪ್ಪುತ್ತಾರೆ. 20 ಜನ, 10 ಅಡುಗೆ ಅಂದರೆ ಒಬ್ಬರು ನಿಮ್ಮದನ್ನು ಎರಡು ಮೂರು ಚಮಚ ತಿನ್ನುತ್ತಾರೆ ಅಷ್ಟೇ. 20 ಜನರ ಹೊಟ್ಟೆ ತುಂಬುವಷ್ಟು ಮಾಡಿದರೆ ಮಿಕ್ಕೇ ಮಿಗುತ್ತದೆ. ಅರ್ಧ ಕೆಜಿ ಅಕ್ಕಿಯ ಬುತ್ತಿ ಸರಿಯಾಗಿ ಸಾಕಾಗುತ್ತದೆ. ಯಾರು ಏನು ತರುತ್ತೀರಿ ಅಂತ ಗುರುವಾರವೇ ವಾಟ್ಸಾಪ್‌ನಲ್ಲಿ ಬರೆದುಕೊಳ್ಳಿ. ಒಂದು ತಿಂಗಳು ನಾವು ಹೇಳಿಕೊಳ್ಳದೆ ಬಂದೆವು. ನಾಲ್ಕು ಡಬ್ಬಿ ಚಿತ್ರಾನ್ನ, ರೊಟ್ಟಿಗೆ ಒಂದೂ ಪಲ್ಯ ಇಲ್ಲ. ಮೊಟ್ಟೆ, ಮಾಂಸ ತರುವುದಾದರೆ ಮೊದಲೇ ಕೇಳಿ, ಬೇರೆ ಮೇಜಿನ ಮೇಲಿಡಿ.

ನಿಮ್ಮ ಅಡುಗೆಗೆ ನಿಮ್ಮದೇ ಸೌಟು ಒಯ್ಯಿರಿ. ಒಂದೇ ಸೌಟು ಎಣ್ಣೆಗಾಯಿಯಿಂದ ಮೊಸರನ್ನಕ್ಕೆ ಹೋದರೆ ಎರಡೂ ಕೆಡುತ್ತವೆ. ಡಬ್ಬಿಗೆ ಬಣ್ಣದ ದಾರ ಕಟ್ಟಿ, ಇಲ್ಲ ಹೆಸರು ಹಾಕಿಸಿದ ಪಾತ್ರೆ ತೊಗೊಳ್ಳಿ. ನನ್ನ ಎಣ್ಣೆಗಾಯಿ ಡಬ್ಬಿಯ ಬದಿಯಲ್ಲಿ ಅವ್ವನ ಹೆಸರು, ಅವಳ ಮದುವೆಯ ಇಸವಿ ಕೊರೆದಿದೆ. ಯಾರ ಮನೆಗೆ ಹೋದರೂ ಸೋಮವಾರದ ಹೊತ್ತಿಗೆ ನನ್ನ ಮೇಜಿಗೆ ವಾಪಸ್ ಬಂದಿರುತ್ತದೆ. ಬರುವಾಗ ಖಾಲಿ ಬಂದದ್ದಿಲ್ಲ. ಹೋದ ತಿಂಗಳು ಅದರೊಳಗೆ ಎರಡು ಹಿಡಿ ಪುಂಡಿ ಸೊಪ್ಪು ಇತ್ತು.