ಅಪ್ಪನ ವಾಚು, ನನ್ನ ಪ್ರೋಟೀನ್ ಲೆಕ್ಕ

ಅಪ್ಪನ ತೂಕ ಒಂದೂವರೆ ಕೆಜಿ ಏರಿದೆ ಅಂತ ಮನೆಯವರೆಲ್ಲ ಖುಷಿಪಟ್ಟ ದಿನವೇ ಅವರ ವಾಚು ಮೊಣಕೈವರೆಗೆ ಜಾರಿತ್ತು. 14 ವರ್ಷದಿಂದ ಬೆಂಗಳೂರಿನಲ್ಲಿ ಡಯಟಿಷಿಯನ್ ಆಗಿರುವ ನಾನೂ ಖುಷಿಪಟ್ಟವಳೇ. ಸಂಜೆ ಅವರ ಸಾಕ್ಸ್ ಬಿಚ್ಚುವಾಗ ಕಣಕಾಲಿನ ಮೇಲೆ ಹೆಬ್ಬೆರಳಿಂದ ಒತ್ತಿದೆ. ಗುಳಿ ಬಿದ್ದು ಹಾಗೇ ಉಳಿಯಿತು. ಏರಿದ್ದು ನೀರಿನ ತೂಕ. ತೊಡೆ ಸೊರಗುತ್ತಲೇ ಇತ್ತು.

ಜಠರದ ಕ್ಯಾನ್ಸರ್, ಮೂರು ವಾರಕ್ಕೊಮ್ಮೆ ಕೀಮೋ. ರೋಗ ಗೊತ್ತಾಗುವ ಹೊತ್ತಿಗೇ ಆರು ತಿಂಗಳಲ್ಲಿ 58ರಿಂದ 52 ಕೆಜಿಗೆ ಬಂದಿದ್ದರು. ಕ್ಯಾನ್ಸರ್ ಇದ್ದವರ ತೂಕ ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿದರೆ ಕೆಕೆಕ್ಸಿಯಾ, ಅಂದರೆ ರೋಗದಿಂದಲೇ ಮೈ ಸೊರಗುವ ಸ್ಥಿತಿ, ಅಂತ 2011ರಲ್ಲೇ ತಜ್ಞರು ಗೆರೆ ಹಾಕಿದ್ದಾರೆ. ಉಪವಾಸವಿದ್ದು ಸಣ್ಣಗಾದಂತಲ್ಲ ಇದು. ಗೆಡ್ಡೆ ಎಬ್ಬಿಸುವ ಉರಿಯೂತ ಸ್ನಾಯುವನ್ನೇ ಕರಗಿಸುತ್ತದೆ, ಹಸಿವನ್ನೂ ಸಾಯಿಸುತ್ತದೆ. ಬರೀ ಊಟ ಹೆಚ್ಚಿಸಿದರೆ ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ. ರೋಗಿಗಳ ಮನೆಯವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಅಪ್ಪನ ವಿಷಯ ಬಂದಾಗ ಮಾತ್ರ ಪ್ರೋಟೀನ್ ಪುಡಿಯ ಎರಡು ದೊಡ್ಡ ಡಬ್ಬಿ ಹೊತ್ತು ತಂದೆ.

ಎಡವಿದ್ದು ಅಲ್ಲೇ. ಬೆಳಿಗ್ಗೆ ಏಳಕ್ಕೆ ದೊಡ್ಡ ಲೋಟದ ತುಂಬ ಪುಡಿ ಕದಡಿದ ಹಾಲು ಕೊಟ್ಟರೆ ಹನ್ನೊಂದಾದರೂ ಇಡ್ಲಿ ಮುಟ್ಟುತ್ತಿರಲಿಲ್ಲ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದ್ದ ಅಂಕಿ 100 ಗ್ರಾಂ ಪುಡಿಯದ್ದು. ನಾನು ಹಾಕುತ್ತಿದ್ದ ಎರಡು ಚಮಚದಲ್ಲಿ ಪ್ರೋಟೀನ್ ಬರೀ 8 ಗ್ರಾಂ. ಎರಡು ಇಡ್ಲಿ, ಒಂದು ಮೊಟ್ಟೆ ತಿಂದಿದ್ದರೆ ಅದಕ್ಕಿಂತ ಜಾಸ್ತಿಯೇ ಸಿಗುತ್ತಿತ್ತು. ಸಾಲದ್ದಕ್ಕೆ ಮಂಡ್ಯದಿಂದ ಅತ್ತೆ ಕಾಲು ಸೂಪು ತರುತ್ತಿದ್ದರು. "ಮೂಳೆ ರಸ ಕಣವ್ವ, ಶಕ್ತಿ ಬತ್ತದೆ." ಆ ತಿಳಿಯಲ್ಲಿರುವ ಪ್ರೋಟೀನ್ ಹೆಚ್ಚಾಗಿ ಜೆಲಾಟಿನ್. ಸ್ನಾಯು ಕಟ್ಟಲು ಬೇಕಾದ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ ಅದರಲ್ಲಿಲ್ಲ. ಅತ್ತೆಗೆ ಟ್ರಿಪ್ಟೋಫ್ಯಾನ್ ಪಾಠ ಮಾಡಲಾದೀತೇ? "ಸೂಪು ಒಂದು ಪುಟ್ಟ ಬಟ್ಟಲು ಸಾಕತ್ತೆ, ಮೆಣಸಿಲ್ಲದ ಕೈಮ ಉಂಡೆ ಮಾಡ್ಕೊಡಿ" ಅಂದೆ. ಅಪ್ಪ ಮೂರು ಉಂಡೆ ತಿಂದರು.

ಆಮೇಲೆ ಪುಸ್ತಕ ಹಿಡಿದು ಕೂತೆ. ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಅಂದರೆ ಅಪ್ಪನಿಗೆ 52ರಿಂದ 78 ಗ್ರಾಂ. ಮೂರು ದಿನ ತಿಂದದ್ದನ್ನೆಲ್ಲ ಬರೆದರೆ ಸರಾಸರಿ 27. ಕಿಡ್ನಿ ಸರಿಯಿದೆಯೇ ಅಂತ ಡಾಕ್ಟರನ್ನು ಕೇಳಿಕೊಂಡು, ಎರಡು ಗಂಟೆಗೊಮ್ಮೆ ಒಂದೊಂದು ಬಟ್ಟಲು ಶುರು ಮಾಡಿದೆ. ಪುಡಿ ಬಿಡಲಿಲ್ಲ, ಅದರ ಜಾಗ ಬದಲಿಸಿದೆ. ಒಂದು ಚಮಚ ರಾಗಿ ಗಂಜಿಗೆ, ಇನ್ನೊಂದು ಆರಿದ ಬೇಳೆಕಟ್ಟಿಗೆ, ಮತ್ತೊಂದು ಮಲಗುವ ಮುಂಚೆ ಅರ್ಧ ಲೋಟ ಹಾಲಿಗೆ. ಊಟದ ಹಸಿವಿಗೆ ಅದು ಅಡ್ಡ ಬರಬಾರದು, ಅಷ್ಟೇ. ಹುರಿಗಡಲೆ ಚಟ್ನಿ ಗಟ್ಟಿಯಾಯಿತು. ಮೊಟ್ಟೆ ಪೂರ್ತಿ ಬೆಂದದ್ದೇ, ಕೀಮೋದಲ್ಲಿ ಅರೆಬೆಂದದ್ದು ಅಪಾಯ. ಬಾಯೆಲ್ಲ ಕಬ್ಬಿಣದ ರುಚಿ ಅನ್ನುತ್ತಿದ್ದರಿಂದ ಸ್ಟೀಲ್ ಚಮಚ ಹೋಗಿ ಮರದ್ದು ಬಂತು. ಮೊಸರನ್ನಕ್ಕೆ ನಿಂಬೆ ಉಪ್ಪಿನಕಾಯಿಯ ಒಂದು ಹೋಳು ಇರಲೇಬೇಕು.

ಮೀನೆಣ್ಣೆ ಮಾತ್ರೆಯನ್ನೂ ಕೊಟ್ಟು ನೋಡಿದೆವು. ಅದರಲ್ಲಿರುವ ಒಮೇಗಾ-3 ಕೊಬ್ಬು ಕೆಲವರಿಗೆ ಹಸಿವು ತರಬಹುದು, ಪುರಾವೆ ಅಷ್ಟೇನೂ ಗಟ್ಟಿಯಿಲ್ಲ. ಅಪ್ಪನಿಗೆ ಮೀನು ವಾಸನೆಯ ತೇಗು ಬಂತು, ನಿಲ್ಲಿಸಿದೆ.

ತಿಂದದ್ದು ಸ್ನಾಯುವಿಗೆ ಸೇರಬೇಕಾದರೆ ಸ್ನಾಯುವಿಗೆ ಕೆಲಸ ಕೊಡಬೇಕು. ಗೋಡೆಗೆ ಒತ್ತಿ ಕುರ್ಚಿ ಇಟ್ಟು, ಕೈ ಊರದೆ ಐದು ಸಲ ಎಬ್ಬಿಸಿ ಕೂರಿಸುವುದು. ಮೊದಲ ವಾರ ಎರಡಕ್ಕೇ "ಸಾಕು ಬಿಡಮ್ಮ". ಕೀಮೋ ಆದ ಮೂರ್ನಾಲ್ಕು ದಿನ ಅದೂ ಇಲ್ಲ. ಮೈ ಹಗುರಾದ ದಿನ ಕೃಷ್ಣರಾವ್ ಪಾರ್ಕಿನಲ್ಲಿ ಅರ್ಧ ಸುತ್ತು. ತೂಕದ ಯಂತ್ರವನ್ನು ನಂಬುವುದು ಬಿಟ್ಟು, ಎದ್ದ ಸಲ ಎಣಿಸಿ ಕ್ಯಾಲೆಂಡರ್‌ನಲ್ಲಿ ಬರೆಯುತ್ತಿದ್ದೆ.

ಎರಡು ತಿಂಗಳಿಗೆ ಪ್ರೋಟೀನ್ 55ರ ಆಸುಪಾಸಿಗೆ ಬಂತು. ಕಾಲಿನ ಊತ ಇಳಿದ ಮೇಲೆ ತೂಕ 51ಕ್ಕೆ ನಿಂತಿತು, ಕುರ್ಚಿಯಿಂದ ಐದು ಸಲವೂ ಏಳುತ್ತಾರೆ. ವಾಚಿನ ಚೈನಿಗೆ ಎರಡು ಕೊಂಡಿ ತೆಗೆಸಿದ್ದೆವು, ಗಾಂಧಿ ಬಜಾರಿನ ರಿಪೇರಿಯವನ ಹತ್ತಿರ. ಮೂರನೆಯದು ತೆಗೆಸಬೇಕಾಗಿ ಬರಲಿಲ್ಲ. ತೆಗೆದ ಎರಡನ್ನೂ ಅಪ್ಪ ಪೊಟ್ಟಣ ಕಟ್ಟಿ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.