ಅಪ್ಪನ ಎಫ್‌ಡಿ ಬಡ್ಡಿ, ಅತ್ತೆಯ ಪಿಂಚಣಿ: ಪಾಸ್‌ಬುಕ್ ಇಟ್ಟುಕೊಂಡು ನಾನು ಹುಡುಕಿದ್ದು

ಹಿರಿಯರಿಗೆ ಸರ್ಕಾರದಿಂದ ಏನೇನು ಸಿಗುತ್ತದೆ ಎಂದು ಹುಡುಕಿದರೆ ಯೋಜನೆಗಳ ಹೆಸರು ಬರುತ್ತಲೇ ಹೋಗುತ್ತವೆ. ಅದರಲ್ಲಿ ನಮ್ಮ ಮನೆಯವರಿಗೆ ಯಾವುದು ಸಿಗುತ್ತದೆ ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಪಟ್ಟಿ ಪಕ್ಕಕ್ಕಿಟ್ಟು ಅಪ್ಪನ ಮತ್ತು ಅತ್ತೆಯ ಪಾಸ್‌ಬುಕ್ ತೆಗೆದೆ. ಅತ್ತೆ ಅಂದರೆ ಅಪ್ಪನ ತಂಗಿ, ಊರಲ್ಲಿ ಕೂಲಿ ಮಾಡಿಕೊಂಡೇ ಬಂದವರು. ಯಾವ ದುಡ್ಡು ಬರುತ್ತಿದೆ, ಯಾವುದು ಬರಬೇಕಿತ್ತು, ಯಾವುದು ಸುಮ್ನೆ ಹೋಗುತ್ತಿದೆ, ಇಷ್ಟು ನೋಡಿದರೆ ಮುಂದಿನ ಕೆಲಸ ತಾನೇ ಕಾಣುತ್ತದೆ.

ಅಪ್ಪ ಮಿಲ್ಲಿನಲ್ಲಿದ್ದವರು, ಈಗ 76 ವರ್ಷ. ಪಿಎಫ್ ಪಿಂಚಣಿ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಬದುಕು ನಡೆಯುವುದು ಎಫ್‌ಡಿ ಬಡ್ಡಿಯಿಂದ. 2024-25ರಲ್ಲಿ ಒಂದು ಬ್ಯಾಂಕಿನಲ್ಲಿ 68,000 ಬಡ್ಡಿ ಬಂದಿತ್ತು, ಅದರಲ್ಲಿ 6,800 ಟಿಡಿಎಸ್ ಹೋಗಿತ್ತು, ಅಂದರೆ ಬಡ್ಡಿ ಕೊಡುವ ಮೊದಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ. ಅವರ ಒಟ್ಟು ಆದಾಯಕ್ಕೆ ಒಂದು ರೂಪಾಯಿ ತೆರಿಗೆಯೂ ಬೀಳುವುದಿಲ್ಲ. ಹಾಗಿದ್ದರೂ ಕಡಿತ ಆಗಿದ್ದು ಯಾಕೆ? ಆಗ ಹಿರಿಯರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 50,000 ದಾಟಿದರೆ ಶೇ 10 ಹಿಡಿಯಬೇಕಿತ್ತು. "ನನಗೆ ತೆರಿಗೆ ಬರುವುದಿಲ್ಲ" ಎಂದು ನಾವೇ ಫಾರಂ 15ಎಚ್‌ನಲ್ಲಿ ಬರೆದುಕೊಟ್ಟರೆ ಮಾತ್ರ ಹಿಡಿಯುವುದಿಲ್ಲ. ಕೌಂಟರಿನಲ್ಲಿ ಅಪ್ಪನಿಗೆ ಯಾರೂ ಇದನ್ನು ಹೇಳಿರಲಿಲ್ಲ. ವಯಸ್ಸು ಅವರ ಕಂಪ್ಯೂಟರಿನಲ್ಲೇ ಇರುತ್ತದೆ ಅಲ್ವಾ, ಒಂದು ಮಾತು ಹೇಳಬಹುದಿತ್ತು ಎಂದು ನನಗೆ ಈಗಲೂ ಬೇಸರವಿದೆ.

ಹೋದ ದುಡ್ಡು ವಾಪಸ್ ಬರುತ್ತದೆ, ಆದರೆ ರಿಟರ್ನ್ ಹಾಕಲೇಬೇಕು. ಆದಾಯ ತೆರಿಗೆ ಪೋರ್ಟಲಿನಲ್ಲಿ ಅಪ್ಪನ ಪ್ಯಾನ್‌ನಿಂದ ಲಾಗಿನ್ ಆಗಿ ಮೊದಲು 26ಎಎಸ್ ನೋಡಿದೆ. ಯಾವ ಬ್ಯಾಂಕು ಎಷ್ಟು ಹಿಡಿದಿದೆ ಎಂದು ಅದರಲ್ಲಿ ಇರುತ್ತದೆ. ಆಮೇಲೆ ರಿಟರ್ನಿನ ಫಾರಂ ಐಟಿಆರ್-1 ತುಂಬಿ, ರಿಫಂಡ್ ಬರಬೇಕಾದ ಖಾತೆಯನ್ನು ಅಲ್ಲೇ ಪರಿಶೀಲನೆ ಮಾಡಿಸಿ, ಆಧಾರ್ ಒಟಿಪಿ ಕೊಟ್ಟು ಮುಗಿಸಿದೆ. ದುಡ್ಡು ನೇರವಾಗಿ ಖಾತೆಗೆ ಬಂತು. ಏಜೆಂಟರಿಗೆ ದುಡ್ಡು ಕೊಡುವಷ್ಟು ಕಷ್ಟದ ಕೆಲಸ ಇದಲ್ಲ.

2025ರ ಏಪ್ರಿಲ್‌ನಿಂದ ಹಿರಿಯರಿಗೆ ಆ 50,000ದ ಮಿತಿ 1 ಲಕ್ಷಕ್ಕೆ ಏರಿದೆ. ಹಾಗಾಗಿ ಅಪ್ಪನಿಗೆ ಈಗ ಕಡಿತವೇ ಇಲ್ಲ. ಬಡ್ಡಿ ಲಕ್ಷ ದಾಟುವವರು, ತೆರಿಗೆ ಬೀಳದಿದ್ದರೆ, ಪ್ರತಿ ವರ್ಷ ಏಪ್ರಿಲ್‌ನಲ್ಲೇ ಫಾರಂ ಕೊಡಬೇಕು. ಎಫ್‌ಡಿ ಇರುವ ಒಂದೊಂದು ಬ್ಯಾಂಕಿಗೂ ಬೇರೆ ಬೇರೆ, ಪೋಸ್ಟ್ ಆಫೀಸಿನ ಹಿರಿಯರ ಉಳಿತಾಯ ಯೋಜನೆಗೂ ಬೇರೆ. ಪ್ಯಾನ್ ಚಾಲ್ತಿಯಲ್ಲಿರಬೇಕು, ಇಲ್ಲದಿದ್ದರೆ ಫಾರಂ ನಡೆಯುವುದಿಲ್ಲ, ಶೇ 20 ಹಿಡಿಯುತ್ತಾರೆ. ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದು 2026ರ ಏಪ್ರಿಲ್ 1ರಿಂದ. ನಾನು ಹೇಳುತ್ತಿರುವ ಫಾರಂ, ಸೆಕ್ಷನ್ ನಂಬರುಗಳೆಲ್ಲ ಹಳೆಯ ಕಾಯ್ದೆಯವು. ಆಮೇಲೆ ಹೋಗುವವರು ನಂಬರು ಹಿಡಿದು ಕೇಳುವ ಬದಲು "ಟಿಡಿಎಸ್ ಹಿಡಿಯಬೇಡಿ ಎಂದು ಬರೆದುಕೊಡುವ ಫಾರಂ ಕೊಡಿ" ಅನ್ನಿ.

ತೆರಿಗೆ ವಿನಾಯಿತಿಯ ಸೆಕ್ಷನ್‌ಗಳಾದ 80ಟಿಟಿಬಿ, 80ಡಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಡ್ಡಿಗೆ 50,000ದವರೆಗೆ, ಆರೋಗ್ಯ ವಿಮೆಗೆ 50,000ದವರೆಗೆ ವಿನಾಯಿತಿ ಹೌದು, ಆದರೆ ತೆರಿಗೆ ಲೆಕ್ಕಕ್ಕೆ ನಾವು ಆರಿಸಿಕೊಳ್ಳಬಹುದಾದ ಎರಡು ಪದ್ಧತಿಗಳಲ್ಲಿ ಹಳೆಯದರಲ್ಲಿ ಮಾತ್ರ. 2025-26ರಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲದ್ದರಿಂದ, ಪಿಂಚಣಿ ಮತ್ತು ಬಡ್ಡಿ ಮಾತ್ರ ಇರುವ ಹೆಚ್ಚಿನ ಹಿರಿಯರು ಅದರ ತಲೆಬಿಸಿ ಮಾಡಿಕೊಳ್ಳಬೇಕಿಲ್ಲ. ಆ ವರ್ಷ ಸೈಟು ಅಥವಾ ಷೇರು ಮಾರಿದ್ದರೆ ಲೆಕ್ಕ ಬೇರೆ. ಆ ಲಾಭಕ್ಕೆ ಹೆಚ್ಚಾಗಿ ಈ ರಿಯಾಯಿತಿ ಸಿಗುವುದಿಲ್ಲ, ಆಗ ಆಡಿಟರ್ ಹತ್ತಿರ ಹೋಗುವುದೇ ಸರಿ.

ಅತ್ತೆಯದು ಇನ್ನೊಂದು ಕಥೆ. 68 ವರ್ಷ, ಜಮೀನಿಲ್ಲ, ಯಾವ ಪಿಂಚಣಿಯೂ ಇರಲಿಲ್ಲ. ಅವರಿಗೆ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿ ಸರಿಹೊಂದುತ್ತಿತ್ತು. ಕೂಲಿಯವರು, ಸಣ್ಣ ರೈತರು, ನೇಕಾರರು, ಮೀನುಗಾರರಂಥವರಿಗೆ 65 ತುಂಬಿದ ಮೇಲೆ ತಿಂಗಳಿಗೆ 1,200 ರೂಪಾಯಿ. ಆದಾಯ ಕಡಿಮೆ ಇರಬೇಕು, ಬೇರೆ ಪಿಂಚಣಿ ಇರಬಾರದು. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ.

ಅರ್ಜಿಗೆ ಮುಂಚೆ ಕಾಗದಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದೆ. ಆಧಾರ್‌ನಲ್ಲಿ ಹೆಸರಿನ ಕೊನೆಗೆ ಅಮ್ಮ, ಪಾಸ್‌ಬುಕ್‌ನಲ್ಲಿ ಅವ್ವ. ನಮ್ಮ ಕಡೆ ಇದು ಮನೆಮನೆಯಲ್ಲೂ ಇದೆ. ಮೊದಲು ಬ್ಯಾಂಕಿನಲ್ಲಿ ಅದನ್ನು ಸರಿಮಾಡಿಸಿ, ಆಮೇಲೇ ಅರ್ಜಿ ಕೊಟ್ಟೆವು. ಜೊತೆಗೆ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ವಯಸ್ಸಿನ ದಾಖಲೆ. ವಿಎ (ಗ್ರಾಮ ಲೆಕ್ಕಿಗರು) ಮನೆ ಹತ್ತಿರ ಬಂದು ವಿಚಾರಿಸಿಕೊಂಡು ಹೋದರು, ಆಮೇಲೆ ಮಂಜೂರಾತಿ ಆದೇಶ ಬಂತು.

ಆದೇಶ ಬಂದರೂ ದುಡ್ಡು ಬರಲಿಲ್ಲ. "ನನ್ನ ಸಂಬಳ ಎಲ್ಲೋ ಹೋಯ್ತು ಕಣೋ" ಎಂದು ಅತ್ತೆ ದಿನಾ ಫೋನ್ ಮಾಡುತ್ತಿದ್ದರು. ಊರಲ್ಲಿ ಪಿಂಚಣಿಗೆ ಸಂಬಳ ಅಂತಲೇ ಅನ್ನುವುದು. ದುಡ್ಡು ಎಲ್ಲೂ ಹೋಗಿರಲಿಲ್ಲ. ನೇರ ವರ್ಗಾವಣೆ ಹೋಗುವುದು ಆಧಾರ್‌ಗೆ ಕೊನೆಯಲ್ಲಿ ಲಿಂಕ್ ಆದ ಖಾತೆಗೆ. ಹಿಂದೊಮ್ಮೆ ಸಂಘದ ಸಾಲಕ್ಕೆಂದು ತೆರೆಸಿದ್ದ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಅದು ಕೂಡುತ್ತಾ ಇತ್ತು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ತೋರಿಸುತ್ತದೆ. ಒಟಿಪಿ ಬರುವ ಮೊಬೈಲ್ ನಂಬರ್ ಆಧಾರ್‌ನಲ್ಲಿರಬೇಕು, ಅಷ್ಟೇ. ಪಿಂಚಣಿ ನಿಂತಿದೆ ಎಂದು ಯಾರಾದರೂ ಹೇಳಿದರೆ ನಾನು ಈಗ ಮೊದಲು ನೋಡುವುದು ಇದನ್ನೇ.

ಉಳಿದವು ಸಲೀಸು. ಪಿಂಚಣಿ ನಿಲ್ಲದಿರಲು ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಡಬೇಕಲ್ಲ, ಅಪ್ಪನ ಬೆರಳಚ್ಚು ಮಿಲ್ಲಿನ ಕೆಲಸದಲ್ಲಿ ಸವೆದಿದೆ, ಯಂತ್ರ ಹಿಡಿಯುವುದಿಲ್ಲ. ಅದನ್ನು ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಿಸುತ್ತೇನೆ. ಪಿಎಫ್ ಪಿಂಚಣಿದಾರರು ನವೆಂಬರ್‌ಗೆ ಕಾಯಬೇಕಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅಪ್ಪನಿಗೆ ಶೇ 25 ರಿಯಾಯಿತಿ. ಅತ್ತೆಗೆ ಶಕ್ತಿ ಯೋಜನೆ ಬಂದಾಗಿನಿಂದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡೇ ಇಲ್ಲ.

75 ತುಂಬಿದವರಿಗೆ ಇನ್ನೊಂದು ಅನುಕೂಲವಿದೆ. ಪಿಂಚಣಿ, ಬಡ್ಡಿ ಎರಡೂ ಒಂದೇ ಬ್ಯಾಂಕಿನಲ್ಲಿದ್ದು, ಬೇರೆ ಆದಾಯ ಇಲ್ಲದಿದ್ದರೆ, ಆ ಬ್ಯಾಂಕಿಗೆ ಬರೆದುಕೊಟ್ಟು ರಿಟರ್ನ್ ಹಾಕುವುದನ್ನೇ ಬಿಡಬಹುದು. ಅಪ್ಪನಿಗೆ ಇದು ಬೇಡ ಎಂದೆ. ಬ್ಯಾಂಕು ಮುಳುಗಿದರೆ ಸಿಗುವ ಠೇವಣಿ ವಿಮೆ ಒಂದು ಬ್ಯಾಂಕಿಗೆ 5 ಲಕ್ಷದವರೆಗೆ ಮಾತ್ರ. ರಿಟರ್ನ್ ನಾನು ಹಾಕುತ್ತೇನೆ, ದುಡ್ಡು ಎರಡು ಕಡೆ ಇರಲಿ.