ರೀಸೆಟ್ ಗುಂಡಿ ಒತ್ತುವ ಮುನ್ನ

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಫೈಬರ್ ಇಂಟರ್‌ನೆಟ್ ಬಂದಾಗಿನಿಂದ ನಾನು ರೌಟರನ್ನು ಪೂರ್ತಿಯಾಗಿ ರೀಸೆಟ್ ಮಾಡಿರುವುದು ಎರಡೇ ಸಲ. ಮೊದಲ ಸಲ ಎರಡು ದಿನ ಇಂಟರ್‌ನೆಟ್ ಇಲ್ಲದೆ ಕುಳಿತೆವು; ಎರಡನೆಯ ಸಲ ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಹೋಯಿತು.

ಮೊದಲ ಸಲದ್ದು ಏಪ್ರಿಲ್ ತಿಂಗಳ ಗುಡುಗು ಮಳೆಯ ಸಂಜೆ. ಕರೆಂಟ್ ನಾಲ್ಕೈದು ಸಲ ಹೋಗಿ ಬಂದ ಮೇಲೆ, ಮೊಬೈಲಿನಲ್ಲಿ ವೈಫೈ ಗುರುತು ಕಾಣುತ್ತಿದ್ದರೂ ಯಾವ ಪುಟವೂ ತೆರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮಗಳಿಗೆ ಆನ್‌ಲೈನ್ ಪರೀಕ್ಷೆಯಿದ್ದುದರಿಂದ ಆತುರಪಟ್ಟು, ರೌಟರಿನ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ ಚುಚ್ಚಿ ಹತ್ತು ಸೆಕೆಂಡು ಒತ್ತಿ ಹಿಡಿದೆ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡವು. ಆದರೆ ನಾವಿಟ್ಟಿದ್ದ ವೈಫೈ ಹೆಸರು ಹೋಗಿ, ತಳದ ಚೀಟಿಯಲ್ಲಿ ಅಚ್ಚಾಗಿದ್ದ ಕಾರ್ಖಾನೆಯ ಹೆಸರು ಬಂದಿತ್ತು. ಇಂಟರ್‌ನೆಟ್ ಮಾತ್ರ ಬರಲಿಲ್ಲ.

ಎರಡು ದಿನದ ನಂತರ ಬಂದ ಟೆಕ್ನಿಷಿಯನ್, "ಸಾರ್, ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ ನೋಡಬೇಕಿತ್ತು. ರೀಸೆಟ್ ಮಾಡಿದರೆ ನಾವು ಹಾಕಿದ್ದೆಲ್ಲ ಅಳಿಸಿಹೋಗುತ್ತೆ" ಎಂದರು. ಸಂಪರ್ಕ ಕೊಟ್ಟ ದಿನ ಅವರು ರೌಟರಿನೊಳಗೆ ತುಂಬಿದ್ದ ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಲ್ಯಾನ್ (ಆ ಜಾಲದಲ್ಲಿ ನಮ್ಮ ಸಂಪರ್ಕ ಸಾಗುವ ದಾರಿಯ ಗುರುತು) ಸಂಖ್ಯೆಗಳು ಹೋಗಿದ್ದರಿಂದ, ಲೈನ್ ಸರಿಯಿದ್ದರೂ ರೌಟರ್ ಕಂಪನಿಯ ಜಾಲದೊಳಗೆ ಪ್ರವೇಶ ಪಡೆಯುವಂತಿರಲಿಲ್ಲ. ಕೆಲವು ಕಂಪನಿಗಳ ರೌಟರುಗಳು ರೀಸೆಟ್ ಆದ ಮೇಲೆ ಈ ವಿವರಗಳನ್ನು ದೂರದಿಂದ ತಾವಾಗಿಯೇ ಪಡೆದುಕೊಳ್ಳುತ್ತವೆ, ನಮ್ಮದು ಹಾಗಲ್ಲ.

ಅವರು ಅಂದು ಕಲಿಸಿದ ಇನ್ನೊಂದು ವಿಷಯ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಯಾವುದನ್ನು ಮುಟ್ಟುವ ಮೊದಲೂ ದೀಪಗಳನ್ನು ನೋಡಬೇಕು. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರಿನಿಂದ ಬೆಳಕೇ ತಲುಪುತ್ತಿಲ್ಲವೆಂದು ಅರ್ಥ. ಆಗ ರೀಸೆಟ್ ಮಾಡಿ ಪ್ರಯೋಜನವಿಲ್ಲ. ಕೆಲವು ತಿಂಗಳ ನಂತರ ನಮ್ಮಲ್ಲಿ ಹೀಗೇ ಆಯಿತು. ಟಿ.ವಿ. ಸ್ಟ್ಯಾಂಡನ್ನು ಗೋಡೆಗೆ ಒತ್ತಿ ಸರಿಸಿದಾಗ, ರೌಟರಿಗೆ ಬರುವ, ಹಸಿರು ತುದಿಯ ತೆಳು ಹಳದಿ ಫೈಬರ್ ತಂತಿ ಸ್ಟ್ಯಾಂಡಿನ ಹಿಂದೆ ಸಿಕ್ಕಿ ಮೊಣಕೈಯಂತೆ ಮಡಚಿಕೊಂಡಿತ್ತು. ಒಳಗಿನ ಗಾಜಿನ ಎಳೆ ಕೂದಲಿನಷ್ಟು ಸಪೂರ. ಬಿಗಿಯಾಗಿ ಬಾಗಿದ ಕಡೆ ಬೆಳಕು ಸೋರಿಹೋಗುತ್ತದೆ. ಸ್ಟ್ಯಾಂಡನ್ನು ಮುಂದಕ್ಕೆ ಎಳೆದು, ತಂತಿಯನ್ನು ಅಗಲವಾದ ಸುರುಳಿಯಾಗಿ ಬಿಟ್ಟೆ. ಕೆಂಪು ದೀಪ ಆರಿತು, ಫೈಬರ್ ಸಂಪರ್ಕ ಸರಿಯಿದೆಯೆಂದು ತೋರಿಸುವ ಪಾನ್ ದೀಪ ಹಸಿರಾಗಿ ನಿಂತಿತು.

ಎರಡನೆಯ ರೀಸೆಟ್ ನಿಜವಾಗಿಯೂ ಬೇಕಾಗಿತ್ತು. ದೀಪಗಳೆಲ್ಲ ಸರಿಯಿದ್ದವು, ಆಫ್ ಮಾಡಿ ಆನ್ ಮಾಡಿಯೂ ಆಗಿತ್ತು. ಆದರೂ ಗಂಟೆಗೊಮ್ಮೆ ಸಂಪರ್ಕ ಕಡಿಯುತ್ತಿತ್ತು, ರೌಟರಿನ ಸೆಟ್ಟಿಂಗ್ ಪುಟವೂ ನಮ್ಮ ಪಾಸ್‌ವರ್ಡನ್ನು ಒಪ್ಪುತ್ತಿರಲಿಲ್ಲ. ಹಿಂದಿನ ಪಾಠದಿಂದಾಗಿ ವ್ಯಾನ್ ಪುಟದ (ಕಂಪನಿಯ ಸಂಪರ್ಕದ ವಿವರಗಳಿರುವ ಸೆಟ್ಟಿಂಗ್ ಪುಟ) ಫೋಟೋ ಮೊದಲೇ ತೆಗೆದಿಟ್ಟಿದ್ದೆ. ಆ ಪುಟದಲ್ಲಿ ಪಾಸ್‌ವರ್ಡ್ ಬರೀ ಚುಕ್ಕೆಗಳಾಗಿ ಕಾಣುವುದರಿಂದ, ಅದನ್ನು ಕಂಪನಿಯವರಿಂದ ಕೇಳಿ ಗ್ಯಾಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದೆ.

ರೀಸೆಟ್ ಆದ ಮೇಲೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ಜೋಡಿಸಿ, ಬ್ರೌಸರಿನಲ್ಲಿ ರೌಟರಿನ ಸೆಟ್ಟಿಂಗ್ ಪುಟದ ವಿಳಾಸವಾದ 192.168.1.1 ತೆರೆದು, ತಳದ ಚೀಟಿಯಲ್ಲಿದ್ದ ಪಾಸ್‌ವರ್ಡಿನಿಂದ ಒಳಹೊಕ್ಕು ವಿವರಗಳನ್ನು ಒಂದೊಂದಾಗಿ ತುಂಬಿದೆ. ಒಳಹೋಗುವ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಿ, ಅದನ್ನೂ ಅದೇ ಹಾಳೆಯಲ್ಲಿ ಬರೆದಿಟ್ಟೆ. ವೈಫೈಗೆ ಮಾತ್ರ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಒಂದಕ್ಷರವೂ ತಪ್ಪದಂತೆ ಕೊಟ್ಟೆ. ಹಾಗೆ ಕೊಟ್ಟರೆ ಮನೆಯ ಫೋನು, ಟಿ.ವಿ.ಗಳನ್ನು ಮತ್ತೆ ಒಂದೊಂದಾಗಿ ಜೋಡಿಸುವ ಕೆಲಸವಿರುವುದಿಲ್ಲ. ನಾನು ಕೇಬಲ್ ಕೀಳುವ ಮೊದಲೇ ಅಡುಗೆಮನೆಯಲ್ಲಿದ್ದ ಹೆಂಡತಿಯ ಫೋನಿಗೆ ತಡೆದಿದ್ದ ಸಂದೇಶಗಳು ಒಂದರ ಹಿಂದೊಂದು ಬರತೊಡಗಿದವು.